ಮೂವತ್ತಾರನೆಯ ದಿನದ ಸಂತೆ

ಆದಿಲಕ್ಷ್ಮಿ ಹೋದ ಮೇಲೆ ನಮ್ಮ ಮನೆಯಲ್ಲಿ ಹೊತ್ತು ಎಂಬುದೇ ಇಲ್ಲವಾಯಿತು. ಬೆಳಗಾದರೆ ಬೆಳಗಾಯಿತು, ಬೈಗಾದರೆ ಬೈಗಾಯಿತು. ನಮಗೆ ಇದ್ದ ಮಗಳು ಅವಳೊಬ್ಬಳೇ. ಅಂಚೆಟ್ಟಿಯ ಆಚೆ ಒಂದು ಹಳ್ಳಿಗೆ ಕೊಟ್ಟಿದ್ದೆವು. ಮದುವೆಯಾಗಿ ಎರಡು ವರ್ಷ ತುಂಬಿರಲಿಲ್ಲ. ಜ್ವರ ಎಂದು ಕಾಗದ ಬಂದದ್ದು ಒಂದು ಬುಧವಾರ. ನನ್ನ ಹೆಂಡತಿ ಅಂಜಮ್ಮ ಆಗಲೇ ಸೀರೆ ಬದಲಿಸಿ, ಕೈಯಲ್ಲಿ ಚೀಲ ಹಿಡಿದು ಬಾಗಿಲಿಗೆ ಬಂದಳು. ನಾನು ತಳಿಯ ಹತ್ತಿರದ ನಮ್ಮೂರಿನಲ್ಲಿ ಕನ್ನಡ ಶಾಲೆಯ ಮೇಷ್ಟ್ರು. ಆ ವಾರ ಶಾಲೆಗೆ ಇನ್‌ಸ್ಪೆಕ್ಟರು ಬರುವವರಿದ್ದರು. "ಜ್ವರ ತಾನೆ, ಶನಿವಾರ ಅರ್ಧ ದಿನ ಶಾಲೆ ಮುಗಿಸಿಕೊಂಡು ಇಬ್ಬರೂ ಹೋಗೋಣ" ಎಂದು ಬಾಗಿಲಿಗೆ ಅಡ್ಡ ನಿಂತೆ. ಅವಳು ಚೀಲವನ್ನು ಗೂಟಕ್ಕೆ ತಗುಲಿಹಾಕಿ ಒಳಗೆ ಹೋದಳು. ಶುಕ್ರವಾರ ಮಧ್ಯಾಹ್ನ ಸುದ್ದಿ ಬಂತು. ಬಸ್ಸು ಇಳಿದು ಕಾಡುದಾರಿಯಲ್ಲಿ ನಡೆದು ನಾವು ಮುಟ್ಟುವ ಹೊತ್ತಿಗೆ ಮಣ್ಣು ಮಾಡಿ ಮುಗಿದಿತ್ತು.

ಆ ಶನಿವಾರದ ಮಾತನ್ನು ಅಂಜಮ್ಮ ಮತ್ತೆ ಎತ್ತಲಿಲ್ಲ. ಎತ್ತಿ ಬೈದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತೋ ಏನೋ. ಅವಳು ಅಳಲೂ ಇಲ್ಲ. ಪಡಸಾಲೆಯ ಕಂಬಕ್ಕೆ ಒರಗಿ ಕುಳಿತಳೆಂದರೆ ಬಿಸಿಲು ಇವಳ ಕಾಲಿನಿಂದ ಮಂಡಿಗೆ, ಮಂಡಿಯಿಂದ ಗೋಡೆಗೆ ಹೋದರೂ ಅಲುಗುತ್ತಿರಲಿಲ್ಲ. ಊಟಕ್ಕೆ ಕೂಡಿಸಿದರೆ ಎರಡು ತುತ್ತು ನುಂಗಿ ಕೈ ತೊಳೆಯುವಳು. ಹೀಗೆ ವರ್ಷ ಕಳೆಯಿತು. ನನಗೆ ಶಾಲೆಯಿಂದ ನಿವೃತ್ತಿಯೂ ಆಯಿತು. ಇದು ಎಂಬತ್ತೆರಡನೆಯ ಇಸವಿ.

ಆ ವರ್ಷ ನವರಾತ್ರಿ ಕಳೆದ ವಾರ, ಹಗಲು ಹತ್ತು ಗಂಟೆಯ ಹೊತ್ತು, ನೆರೆಮನೆಯ ಮಂಗಮ್ಮ ಅಂಜಮ್ಮನ ರಟ್ಟೆ ಹಿಡಿದುಕೊಂಡು ಬಂದಳು. ಮಂಗಮ್ಮ ಬಾಯಿಜೋರಿನ ಹೆಂಗಸು. ಅಂದು ಅವಳ ಬಾಯಿ ಒಣಗಿತ್ತು.

"ಮೇಷ್ಟ್ರೇ, ಬಾವಿ ಕಟ್ಟೆ ಮ್ಯಾಲೆ ಕುಂತಿದ್ಲು. ಕಾಲು ಒಳಕ್ಕೆ ಬಿಟ್ಕಂಡು. ಬಿಂದಿಗೆ ಅತ್ಲಾಗೆ ಬಿದ್ದಿತ್ತು."

ನಾನು ಅಂಜಮ್ಮನ ಮುಖ ನೋಡಿದೆ.

"ನೀರು ನೋಡ್ತಿದ್ದೆ" ಎಂದಳು. ಅಷ್ಟೇ.

ಅಂದಿನಿಂದ ಅವಳ ಮೇಲಿನ ಕಣ್ಣು ತೆಗೆಯಲು ನನಗೆ ಭಯವಾಯಿತು. ಬಾವಿಯ ಹಗ್ಗವನ್ನು ಅಟ್ಟದ ಮೇಲೆ ಹಾಕಿದೆ. ನೀರು ನಾನೇ ತರುತ್ತಿದ್ದೆ. ಸ್ನಾನಕ್ಕೆ ಹೋದರೂ ಬಚ್ಚಲಿನಿಂದಲೇ "ಏನೇ, ಇದೀಯಾ?" ಎಂದು ಕೂಗುವೆನು. "ಊಂ" ಎಂಬ ಉತ್ತರ ಬರುವುದು ಸ್ವಲ್ಪ ತಡವಾದರೆ ಒದ್ದೆ ಮೈಯಲ್ಲೇ ಓಡಿ ಬರುವೆನು.

ಮಂಗಮ್ಮನ ಬಲವಂತಕ್ಕೆ ಅವಳನ್ನು ಡೆಂಕಣಿಕೋಟೆಯ ಡಾಕ್ಟರ ಬಳಿಗೆ ಕರೆದುಕೊಂಡು ಹೋದೆ. ಸೇಲಂ ಕಡೆಯವರು, ವಯಸ್ಸು ಮೂವತ್ತೂ ಇರಲಾರದು. ಅರ್ಧ ತಮಿಳು ಅರ್ಧ ಕನ್ನಡದಲ್ಲಿ ಮಾತನಾಡುತ್ತಿದ್ದರು. ಅಂಜಮ್ಮನನ್ನು ಬಹಳ ಹೊತ್ತು ಕೂರಿಸಿಕೊಂಡು, ನನ್ನನ್ನು ಹೊರಗೆ ಕಳಿಸಿ, ಏನೇನೋ ಕೇಳಿದರು. ಆಮೇಲೆ ನನ್ನನ್ನು ಕರೆದರು.

"ಅಯ್ಯಾ, ನಿದ್ದೆಗೆ ಮಾತ್ರೆ ಕೊಡ್ತೀನಿ. ಆದ್ರೆ ಮಾತ್ರೆ ಮಾತ್ರ ಸಾಲಾದು. ದಿನಾ ಕೊಂಚ ಕೊಂಚ ಮಾಡ್ಬೇಕು. ಬೆಳಿಗ್ಗೆ ಬಿಸಿಲಲ್ಲಿ ಸ್ವಲ್ಪ ನಡೀಲಿ. ಹೊತ್ತಿಗೆ ಸರಿಯಾ ಊಟ. ಕೈಗೆ ಒಂದು ಸಣ್ಣ ಕೆಲಸ, ಗಿಡ ಹಾಕೋದು. ಅಪ್ಪುರಂ, ದಿನಕ್ಕೆ ಒಬ್ಬರ ಹತ್ರ ನಾಲ್ಕು ಮಾತು. ನಿಮ್ಮ ಹತ್ರ ಅಲ್ಲ, ಬೇರೆಯವರ ಹತ್ರ."

"ಆಗಲಿ ಸ್ವಾಮಿ" ಎಂದೆ.

"ಒಂದು ದಿನ ತಪ್ಪಿದ್ರೆ ತಪ್ಪಲಿ, ಬೈಯಬೇಡಿ. ಈಗ ಒಬ್ಬರನ್ನೇ ಬಿಡಬೇಡಿ. ಒಂದು ತಿಂಗಳಾದ್ಮೇಲೆ ಕರ್ಕೊಂಡು ಬನ್ನಿ, ನೋಡೋಣ."

ಬಸ್ಸಿನಲ್ಲಿ ಬರುವಾಗ ನಾಲ್ಕು ಮಾತನ್ನೂ ಬಾಯಿಪಾಠ ಮಾಡಿಕೊಂಡೆ. ನಡಿಗೆ, ಊಟ, ಕೆಲಸ, ಮಾತು. ಒಂದು ದಿನ ತಪ್ಪಿದರೆ ತಪ್ಪಲಿ ಎಂದು ಕೊನೆಯಲ್ಲಿ ಅವರು ಹೇಳಿದ್ದು ಮಾತ್ರ ಬಸ್ಸು ಇಳಿಯುವ ಹೊತ್ತಿಗೆ ನನ್ನ ತಲೆಯಿಂದ ಜಾರಿಹೋಗಿತ್ತು. ಇಷ್ಟು ಚಿಕ್ಕ ಚಿಕ್ಕ ಕೆಲಸಗಳಿಂದ ಇಂಥ ದುಃಖ ಹೇಗೆ ಇಳಿಯುವುದು ಎಂಬ ಸಂದೇಹ ಒಂದು ಕಡೆ, ಒಂದಾದರೂ ತಪ್ಪಿದರೆ ಮತ್ತೆ ಬಾವಿಕಟ್ಟೆಯೇ ಗತಿ ಎಂಬ ಭಯ ಇನ್ನೊಂದು ಕಡೆ. ಬರಿಯ ಡಾಕ್ಟರ ಮಾತೆಂದರೆ ಅವಳು ನಾಲ್ಕು ದಿನ ಮಾಡಿ ಬಿಟ್ಟಾಳು. ದೇವರಿಗೆ ಕಟ್ಟುಬಿದ್ದರೆ ಬಿಡಲಾರಳು. ಹೀಗೆ ಯೋಚಿಸಿ, ಮನೆಗೂ ಹೋಗದೆ, ಅವಳನ್ನು ನೇರವಾಗಿ ಊರ ತಿಮ್ಮರಾಯಸ್ವಾಮಿ ಗುಡಿಗೆ ಕರೆದುಕೊಂಡು ಹೋದೆ.

ಪೂಜಾರಿ ದಾಸಪ್ಪ ನನ್ನ ಓರಗೆಯವನು. ನಾನು ಹೇಳಿದ್ದನ್ನೆಲ್ಲ ಕೇಳಿ ಗಡ್ಡ ಕೆರೆದುಕೊಂಡನು.

"ಅಲ್ಲ ಮೇಷ್ಟ್ರೇ, ಊಟ ಮಾಡೋಕೂ ಹರಕೆನಾ? ನನ್ನ ಜನ್ಮದಲ್ಲಿ ಕಂಡಿಲ್ಲ. ಉಪವಾಸಕ್ಕೆ ಹರಕೆ ಕಟ್ಕೊಳ್ಳೋರ ಕಂಡಿವ್ನಿ."

"ಊಟಕ್ಕೂ, ನಡಿಗೆಗೂ, ಎಲ್ಲಕ್ಕೂ. ಒಂದು ಮಂಡಲ. ಕಂಕಣ ಕಟ್ಟಪ್ಪ."

"ಕಂಕಣ ಅಂದ್ರೆ ಹುಡುಗಾಟ ಅಲ್ಲ. ನಲವತ್ತೆಂಟು ದಿನ ಊರ ಗಡಿ ದಾಟಂಗಿಲ್ಲ. ನಡುವೆ ಬಿಚ್ಚಂಗಿಲ್ಲ. ಗೊತ್ತೈತಲ್ಲ?"

"ಗೊತ್ತಿದೆ."

ಅವನು ಅರಿಶಿನದ ದಾರದಲ್ಲಿ ಅರಿಶಿನದ ಕೊಂಬು ಕಟ್ಟಿ ಮೊದಲು ನನ್ನ ಬಲಗೈಗೆ, ಆಮೇಲೆ ಅಂಜಮ್ಮನ ಎಡಗೈಗೆ ಕಟ್ಟಿದನು. ಗಂಟೆ ಬಾರಿಸಿದರೆ ಮಕ್ಕಳು ಎದ್ದು ನಿಲ್ಲುವ ಹಾಗೆ ಅವಳು ಕೈ ಚಾಚಿದಳು. ಸಂಕಲ್ಪ ಹೇಳಿದವನು ನಾನೊಬ್ಬನೇ. ಅವಳನ್ನು ಕೇಳಬೇಕೆಂದು ನನಗಾಗಲಿ ದಾಸಪ್ಪನಿಗಾಗಲಿ ತೋಚಲಿಲ್ಲ. ತಿಂಗಳಾದ ಮೇಲೆ ಡಾಕ್ಟರ ಬಳಿಗೆ ಹೋಗುವುದು ಹೇಗೆಂಬುದೂ ಅಂದು ನೆನಪಿಗೆ ಬರಲಿಲ್ಲ.

ಮೂವತ್ತೈದು ವರ್ಷ ಹಾಜರಿ ಹಾಕಿದ ಕೈ ಸುಮ್ಮನಿರಲಿಲ್ಲ. ಒಂದು ಹಳೆಯ ನೋಟುಪುಸ್ತಕದಲ್ಲಿ ನಾಲ್ಕು ಗೆರೆ ಎಳೆದೆ. ನಡಿಗೆ, ಊಟ, ಕೆಲಸ, ಮಾತು. ಆದದ್ದಕ್ಕೆ ಕಪ್ಪು ಶಾಯಿ, ಆಗದಿದ್ದಕ್ಕೆ ಕೆಂಪು. ಬೆಳಿಗ್ಗೆ ಮನೆಯಿಂದ ಗಡಿಕಲ್ಲಿನವರೆಗೆ ಇಬ್ಬರೂ ಹೋಗಿ ಬರುವುದು. ನಮ್ಮ ಗಡಿಕಲ್ಲು ಇರುವುದು ಗುಡಿಯ ಮುಂದೆ, ಕೆರೆಯ ಏರಿ ಶುರುವಾಗುವ ಕಡೆ. ನಾನು ಯಾವಾಗಲೂ ಅವಳಿಗೂ ನೀರಿಗೂ ನಡುವೆ ನಿಂತು, ಕಲ್ಲು ಮುಟ್ಟಿದೊಡನೆ "ತಿರುಗು" ಎನ್ನುವೆನು. ಹಿತ್ತಿಲಿನಲ್ಲಿ ಎರಡು ಮಡಿ ಅಗೆದು ಕೊತ್ತಂಬರಿ, ಸಬ್ಬಸಿಗೆ ಬೀಜ ಕೊಟ್ಟೆ. ಅವಳು ಚೆಲ್ಲಿದಳು. ಮಾತಿಗೆ ಮಂಗಮ್ಮನನ್ನು ಗೊತ್ತುಮಾಡಿದೆ. ದಿನವೂ ಹನ್ನೊಂದು ಗಂಟೆಗೆ ಬರಬೇಕು.

ಮೊದಲ ದಿನ ನಾನು ಪುಸ್ತಕ ಹಿಡಿದು ಕಂಬದ ಮರೆಯಲ್ಲಿ ನಿಂತದ್ದನ್ನು ಮಂಗಮ್ಮ ಕಂಡುಬಿಟ್ಟಳು.

"ಏನ್ ಮೇಷ್ಟ್ರೇ, ನನ್ನ ಮಾತಿಗೂ ಹಾಜರಿ ಹಾಕ್ತೀರಾ? ನೋಡಮ್ಮ ಅಂಜಕ್ಕ, ನಿನ್ನ ಗಂಡ ನನ್ನ ನೌಕರಿಗೆ ಸೇರಿಸ್ಕಂಡವ್ರೆ. ಪಿಂಚಣಿ ಐತೋ ಇಲ್ವೋ ಕೇಳು!"

ಅಂಜಮ್ಮ ಏನೂ ಹೇಳಲಿಲ್ಲ. ಆದರೂ ನಾನು ಕಪ್ಪು ಶಾಯಿಯಲ್ಲಿ ಗುರುತು ಹಾಕಿದೆ. ಕೇಳಿಸಿಕೊಂಡಳಲ್ಲ, ಅದೂ ಅರ್ಧ ಮಾತೇ ಎಂದು ಸಮಾಧಾನ ಮಾಡಿಕೊಂಡೆ.

ಒಂಬತ್ತನೆಯ ದಿನ ಜಡಿಮಳೆ. ಹೊರಗೆ ಕಾಲಿಡುವ ಹಾಗಿರಲಿಲ್ಲ. ನಡಿಗೆ ತಪ್ಪಿಸಲು ನನಗೆ ಧೈರ್ಯವಾಗಲಿಲ್ಲ. ಗಡಿಕಲ್ಲಿಗೆ ಎಷ್ಟು ಹೆಜ್ಜೆ ಎಂದು ನೆನಪಿನಲ್ಲೇ ಅಂದಾಜು ಮಾಡಿ, ಪಡಸಾಲೆಯಲ್ಲಿ ಅವಳ ಕೈ ಹಿಡಿದು ಅಷ್ಟೂ ನಡೆಸಿದೆ. ಹದಿನೇಳನೆಯ ದಿನ ಮಧ್ಯಾಹ್ನ ಉಂಡದ್ದು ವಾಂತಿಯಾಯಿತು. ಊಟ ಆಯಿತೆಂದು ಬರೆಯಬೇಕೋ ಆಗಲಿಲ್ಲವೆಂದು ಬರೆಯಬೇಕೋ ತಿಳಿಯದೆ ದಾಸಪ್ಪನ ಬಳಿಗೆ ಓಡಿದೆ. "ಒಳಕ್ಕೆ ಹೋಗಿತ್ತಲ್ಲ, ಅದು ಸ್ವಾಮಿ ಲೆಕ್ಕ. ಆಚೆ ಬಂದಿದ್ದು ನಮ್ಮ ಲೆಕ್ಕ ಅಲ್ಲ" ಎಂದನು. ಆದರೂ ಅಂದೆಲ್ಲ ನನಗೆ ಊಟ ಸೇರಲಿಲ್ಲ. ನಿಜ ಹೇಳಬೇಕೆಂದರೆ, ಅವಳ ನಾಲ್ಕು ಗೆರೆ ತುಂಬಿಸುವ ಗಡಿಬಿಡಿಯಲ್ಲಿ ನಾನು ಹೊತ್ತಿಗೆ ಸರಿಯಾಗಿ ಉಂಡ ದಿನವೇ ಇರಲಿಲ್ಲ. ಒಂದು ಕೆಂಪು ಗುರುತು ಬಿದ್ದರೆ ಸ್ವಾಮಿ ಮುನಿಯುತ್ತಾನೆ, ಮುನಿದರೆ ಇದ್ದ ಇವಳನ್ನೂ ತೆಗೆದುಕೊಳ್ಳುತ್ತಾನೆ ಎಂಬುದೊಂದೇ ತಲೆಯಲ್ಲಿ ತಿರುಗುತ್ತಿತ್ತು. ಮೂವತ್ತನೆಯ ದಿನ ಡಾಕ್ಟರ ನೆನಪಾಯಿತು. ಗಡಿ ದಾಟುವಂತಿರಲಿಲ್ಲ. ಹೋಗಲಿಲ್ಲ.

ಅಂಜಮ್ಮ ಮಾತ್ರ ನನಗೆ ತಿಳಿಯದ ಹಾಗೆ ಎಲ್ಲೋ ಸ್ವಲ್ಪ ಸ್ವಲ್ಪ ಬದಲಾಗುತ್ತಿದ್ದಳು. ಇಪ್ಪತ್ತೆರಡನೆಯ ದಿನ ಮಡಿಯ ಹತ್ತಿರ ಕುಳಿತಿದ್ದವಳು ತಲೆ ಎತ್ತಿ, "ಒಂದು ಮಂಕರಿ ಗೊಬ್ಬರ ಬೇಕಿತ್ತು" ಎಂದಳು. ತಾನಾಗಿ ಏನನ್ನಾದರೂ ಬೇಕೆಂದದ್ದು ವರ್ಷದಲ್ಲಿ ಅದೇ ಮೊದಲು. ನಾನು ಗೊಬ್ಬರ ತರುವ ಮೊದಲು ಪುಸ್ತಕಕ್ಕೆ ಓಡಿದೆ. ಅದನ್ನು ಕೆಲಸದ ಗೆರೆಯಲ್ಲಿ ಬರೆಯುವುದೋ ಮಾತಿನ ಗೆರೆಯಲ್ಲೋ ಎಂದು ಯೋಚಿಸುವಷ್ಟರಲ್ಲಿ ಅವಳೇ ಮಂಗಮ್ಮನ ಮನೆಯ ತಿಪ್ಪೆಯಿಂದ ಗೊಬ್ಬರ ಹೊತ್ತು ತಂದಿದ್ದಳು.

ಮೂವತ್ತಾರನೆಯ ದಿನ ತಳಿಯ ಸಂತೆ. ಬೆಳಿಗ್ಗೆ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಹಿತ್ತಿಲಿನಲ್ಲಿ ಎರಡೂ ಮಡಿ ಬೋಳಾಗಿದ್ದವು. ಅಂಜಮ್ಮ ಸೊಪ್ಪನ್ನೆಲ್ಲ ಕಿತ್ತು, ಬೇರು ತೊಳೆದು, ಬಾಳೆನಾರಿನಲ್ಲಿ ಕಂತೆ ಕಟ್ಟಿ ಮಂಕರಿಗೆ ಜೋಡಿಸುತ್ತಿದ್ದಳು.

"ಇದೇನೇ ಇದು?"

"ಕೊತ್ತಂಬರಿ ಹೂವಿಗೆ ಬತ್ತಾ ಐತೆ. ಇವತ್ತು ಬಿಟ್ರೆ ಬಲಿತೋಯ್ತದೆ. ಸಂತೆಗೆ ಹಾಕ್ಕಂಡು ಬತ್ತೀನಿ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅವಳು ಚಿಕ್ಕವಳಿದ್ದಾಗ ಅವರಮ್ಮನ ಜೊತೆಯಲ್ಲಿ ಸಂತೆಗೆ ಸೊಪ್ಪು ಹೊರುತ್ತಿದ್ದಳೆಂದು ಕೇಳಿದ್ದೆ. ನನ್ನ ಕೈ ಹಿಡಿದ ಮೇಲೆ ಮೇಷ್ಟ್ರ ಹೆಂಡತಿ ಎಂದು ಒಂದು ದಿನವೂ ಹೋಗಿರಲಿಲ್ಲ.

"ಕಂಕಣ ಇದೆಯಲ್ಲೇ ಕೈಯಲ್ಲಿ! ಇನ್ನು ಹನ್ನೆರಡು ದಿನ. ಆಮೇಲೆ ಎಲ್ಲಿಗೆ ಬೇಕಾದರೂ ಹೋಗುವೆಯಂತೆ."

"ಹನ್ನೆರಡು ದಿನ ಸೊಪ್ಪು ಕಾಯ್ತದಾ?"

"ಸೊಪ್ಪು ಹಾಳಾಗಲಿ. ಮಂಗಮ್ಮನಿಗೆ ಕೊಟ್ಟು ಕಳಿಸೋಣ."

"ಮಂಗಮ್ಮ ನೆನ್ನೆಯೇ ತಮ್ಮನ ಮನೆಗೆ ಹೋದ್ಲು" ಎಂದು ಅಂಜಮ್ಮ ಸಿಂಬಿ ಸುತ್ತಿ ತಲೆಯ ಮೇಲಿಟ್ಟು, ಮಂಡಿಯೂರಿ ಮಂಕರಿ ಎತ್ತಿಕೊಂಡಳು. ಅವಳ ಕೈಯಲ್ಲಿ ಅಷ್ಟು ಬಲ ಉಳಿದಿದೆಯೆಂದು ನನಗೆ ಗೊತ್ತಿರಲಿಲ್ಲ.

ನಾನು ಹಿಂದೆಯೇ ನಡೆದೆ. ಬೀದಿಯಲ್ಲಿ ಗಟ್ಟಿಯಾಗಿ ಕೂಗುವಂತಿಲ್ಲ. "ಲೇ, ನಿಲ್ಲೇ. ಹೇಳಿದ ಮಾತು ಕೇಳು" ಎಂದು ಅವಳ ಬೆನ್ನಿಗೆ ಹೇಳುತ್ತ ಹೋದೆ. ಗುಡಿ ದಾಟಿದಳು. ಗಡಿಕಲ್ಲಿನ ಹತ್ತಿರ ನಾನು ಓಡಿ ಮುಂದೆ ಹೋಗಿ ಎರಡೂ ಕೈ ಅಗಲಿಸಿ ನಿಂತೆ. ನನ್ನ ಬೆನ್ನ ಹಿಂದೆ ಏರಿ, ಏರಿಯ ಪಕ್ಕಕ್ಕೆ ತುಂಬಿದ ಕೆರೆ. ಆ ತುದಿಯಲ್ಲಿ ಹುಣಸೆಮರದ ಕೆಳಗೆ ತಳಿಗೆ ಹೋಗುವ ಜೀಪು ನಿಲ್ಲುವುದು. ಅಷ್ಟು ಉದ್ದ ನೀರಿನ ಮಗ್ಗುಲಲ್ಲಿ ಇವಳೊಬ್ಬಳೇ ನಡೆಯಬೇಕು. ಸ್ವಾಮಿಯ ಭಯ ಹೆಚ್ಚೋ ನೀರಿನ ಭಯ ಹೆಚ್ಚೋ ನನಗೇ ತಿಳಿಯಲಿಲ್ಲ.

ಸದ್ದು ಕೇಳಿ ದಾಸಪ್ಪ ಗುಡಿಯಿಂದ ಬಂದನು. "ಅಮ್ಮಾ ತಾಯಿ, ಗಡಿ ದಾಟಬ್ಯಾಡ. ದೋಷ ಬತ್ತದೆ" ಎಂದನು.

ಅಂಜಮ್ಮ ಅವನ ಕಡೆ ತಿರುಗಲಿಲ್ಲ. ಮಂಕರಿಯ ಕೆಳಗಿನಿಂದ ನನ್ನನ್ನೇ ನೋಡಿದಳು.

"ಅವತ್ತೂ ಹಿಂಗೇ ಅಡ್ಡ ನಿಂತಿದ್ರಿ" ಎಂದಳು.

ಕೂಗಲಿಲ್ಲ. ಮುಖದಲ್ಲಿ ಕೋಪವೂ ಇರಲಿಲ್ಲ. ನನ್ನ ಕೈಗಳು ತಾವಾಗಿ ಕೆಳಗಿಳಿದವು. ದಾಸಪ್ಪ ಏನೆಂದು ಅರಿಯದೆ ಇಬ್ಬರ ಮುಖವನ್ನೂ ನೋಡಿದನು. ನಾನು ಅವನ ಕಡೆ ತಿರುಗಿ ಕೇಳಿದೆ.

"ಇದಕ್ಕೆ ದಾರಿ ಏನಾದರೂ ಇದೆಯೇನಪ್ಪ?"

ಅವನು ನೆಲ ನೋಡುತ್ತ ಯೋಚಿಸಿದನು. "ಸಂಕಲ್ಪ ನಿಮ್ದು. ಹೆಂಡ್ತಿ ಕಂಕಣ ಗಂಡ ಹೊತ್ಕಬೋದು, ನಮ್ಮಪ್ಪನ ಕಾಲದಲ್ಲಿ ಒಂದ್ಸಲ ಹಂಗೆ ಮಾಡಿದ್ರು. ಉಳಿದ ದಿನ ನೀವು ನಡೆಸ್ಬೇಕು. ಆದ್ರೆ ಮೇಷ್ಟ್ರೇ, ನೀವು ಮಾತ್ರ ಈ ಕಲ್ಲು ದಾಟಂಗಿಲ್ಲ. ಎರಡು ಕಂಕಣ, ದೋಷಾನೂ ಎರಡು ಪಟ್ಟು."

"ನಾನು ಜೊತೆಗೆ ಹೋಗುವ ಹಾಗಿಲ್ಲವೇ?"

"ಇಲ್ಲ."

"ನೀವು ಬರೋದೂ ಬ್ಯಾಡ" ಎಂದಳು ಅಂಜಮ್ಮ. "ಮೇಷ್ಟ್ರು ಹಿಂದೆ ನಿಂತ್ಕಂಡು ಲೆಕ್ಕ ಬರೀತಿದ್ರೆ ನನ್ನ ಸೊಪ್ಪು ಯಾರು ಕೊಳ್ತಾರೆ?"

ದಾಸಪ್ಪ ಫಕ್ಕನೆ ನಕ್ಕು, ನನ್ನ ಮುಖ ನೋಡಿ ಬಾಯಿ ಮುಚ್ಚಿಕೊಂಡನು. ನಾನು ಕೈ ಚಾಚಿದೆ. ಅವನು ಅವಳ ಎಡಗೈಯ ದಾರ ಬಿಚ್ಚಿ ನನ್ನ ಬಲಗೈಗೆ, ಮೊದಲಿನದರ ಪಕ್ಕದಲ್ಲಿ ಕಟ್ಟಿದನು. ಅವಳು ಏರಿಯ ಮೇಲೆ ಹೊರಟಳು. ಕಲ್ಲಿನ ಮೇಲೆ ಕೈಯಿಟ್ಟುಕೊಂಡು ನೋಡುತ್ತ ನಿಂತೆ. ಅವಳು ಎಲ್ಲಿಯಾದರೂ ನಿಂತರೆ, ನೀರಿನ ಕಡೆ ತಿರುಗಿದರೆ ಏನು ಮಾಡುವುದೆಂದು ಯೋಚಿಸಿದೆ. ಏರಿಯ ನಡುವೆ ಒಂದು ಸಲ ನಿಂತಳು. ಸಿಂಬಿ ಸರಿಮಾಡಿಕೊಂಡು ಮತ್ತೆ ನಡೆದಳು. ಹುಣಸೆಮರದ ಆಚೆ ಜೀಪಿನ ಸದ್ದಾಯಿತು. ಆಮೇಲೆ ಅವಳು ಕಾಣಲಿಲ್ಲ.

ಸಂಜೆಯವರೆಗೆ ನಾನು ಅಲ್ಲಿಂದ ಏಳಲಿಲ್ಲ. ಗಡಿಕಲ್ಲಿನ ಪಕ್ಕದಲ್ಲೇ ಕುಳಿತೆ. ದಾಸಪ್ಪ ತೀರ್ಥ ತಂದು ಕೊಟ್ಟನು, ಮಧ್ಯಾಹ್ನ ಅವನ ಮನೆಯಿಂದ ಮುದ್ದೆ ಬಂತು. ಮುದ್ದೆಯನ್ನು ಮುರಿಯಲೂ ಮನಸ್ಸಾಗಲಿಲ್ಲ.

"ಬತ್ತಾರೆ ಬಿಡಿ ಮೇಷ್ಟ್ರೇ. ಸಂತೆಗೆ ಹೋದ ಹೆಂಗಸ್ರು ಬೇಗ ಬಂದಿದ್ದು ಯಾವ ಯುಗದಲ್ಲಿ?"

"ನಿನಗೆ ಗೊತ್ತಿಲ್ಲಪ್ಪ ದಾಸಪ್ಪ."

"ಗೊತ್ತು" ಎಂದನು. "ಊರಿಗೆಲ್ಲಾ ಗೊತ್ತು ಬಾವಿ ಇಸ್ಯ. ಅದ್ಕೇ ನಾನೂ ಇಲ್ಲೇ ಕುಂತಿರೋದು."

ನಾನು ಕಣ್ಣು ಮುಚ್ಚಿ ಸ್ವಾಮಿಯ ನಾಮ ಜಪಿಸಲು ನೋಡಿದೆ. ನಾಮದ ನಡುವೆ ಮಗಳ ಮುಖ ಬರುತ್ತಿತ್ತು, ಅವಳ ಮುಖದ ಮೇಲೆ ನೀರು ಬರುತ್ತಿತ್ತು. ಕಣ್ಣು ತೆರೆದರೆ ಎದುರಿಗೆ ನಿಜವಾದ ನೀರು. ಡಾಕ್ಟರು ಒಬ್ಬಳನ್ನೇ ಬಿಡಬೇಡಿ ಎಂದಿದ್ದರು. ತಿಂಗಳಾದ ಮೇಲೆ ತೋರಿಸಿದ್ದರೆ ಈಗ ಬಿಡಬಹುದೋ ಬಿಡಬಾರದೋ ಹೇಳುತ್ತಿದ್ದರು. ಕೇಳುವ ದಾರಿಯನ್ನು ಕಂಕಣ ಕಟ್ಟಿ ಮುಚ್ಚಿದವನು ನಾನೇ. ಒಂದು ದಾರದಿಂದ ಅವಳನ್ನು ಭದ್ರವಾಗಿ ಕಟ್ಟಿಹಾಕಿದೆನೆಂದುಕೊಂಡಿದ್ದೆನಲ್ಲ ಎಂದು ಕೈ ನೋಡಿಕೊಂಡೆ. ಎರಡೂ ಕೊಂಬುಗಳು ನನ್ನ ಬೆವರಿನಲ್ಲಿ ಒದ್ದೆಯಾಗಿದ್ದವು.

ನಾಲ್ಕು ಗಂಟೆಯ ಜೀಪಿನಲ್ಲಿ ಪಾಪಯ್ಯ ಬಂದನು. ನಮ್ಮೂರ ರೈತ, ತಲೆಯ ಮೇಲೆ ಮೆಣಸಿನ ಸಸಿಯ ಕಟ್ಟು.

"ಪಾಪಯ್ಯ, ಸಂತೆಯಲ್ಲಿ ನಮ್ಮವಳನ್ನು ಕಂಡೆಯಾ? ಸೊಪ್ಪು ಹಾಕಿಕೊಂಡು ಹೋದಳು."

"ಅಂಜಕ್ಕನಾ? ಸೊಪ್ಪು ಹಾಕ್ಕಂಡಾ?" ಅವನಿಗೆ ಆಶ್ಚರ್ಯವಾಯಿತು. "ಇಲ್ವಲ್ಲ ಮೇಷ್ಟ್ರೇ. ಸೊಪ್ಪಿನ ಸಾಲಲ್ಲೇ ನಾನು ಸಸಿ ತಗಂಡಿದ್ದು. ಈ ತುದಿಯಿಂದ ಆ ತುದಿಗಂಟ ತಿರುಗಿವ್ನಿ. ಅಲ್ಲಿರ್ಲಿಲ್ಲ."

ದಾಸಪ್ಪ ಅವನಿಗೆ ಕಣ್ಸನ್ನೆ ಮಾಡಿದನು. ಅಷ್ಟರಲ್ಲಿ ಮಾತು ಬಿದ್ದುಹೋಗಿತ್ತು.

ಕಡೆಯ ಜೀಪು ಐದೂವರೆಗೆ. ಆ ತಿಂಗಳು ರಾಗಿ ಕೊಯ್ಲಿನ ಕಾಲ. ಹೊತ್ತು ಮುಳುಗಿದರೆ ಆನೆಗಳು ಇಳಿಯುತ್ತವೆಂದು ಅದರ ಮೇಲೆ ಯಾರೂ ಜೀಪು ಓಡಿಸುತ್ತಿರಲಿಲ್ಲ. ಐದೂವರೆಗೆ ಹುಣಸೆಮರದ ಕಡೆ ಸದ್ದಾಯಿತು. ಏರಿಯ ಮೇಲೆ ಒಬ್ಬೊಬ್ಬರೇ ಕಾಣಿಸಿಕೊಂಡರು. ಏಳು ಜನ. ಮಂಕರಿ ಹೊತ್ತವರು ಇಬ್ಬರು, ಇಬ್ಬರೂ ಅಂಜಮ್ಮನಿಗಿಂತ ಎತ್ತರ. ಅವರು ಹತ್ತಿರ ಬರುವವರೆಗೂ ಕಾಯಲಿಲ್ಲ. ನಾನು ಎದ್ದೆ.

"ಮೇಷ್ಟ್ರೇ!" ಎಂದನು ದಾಸಪ್ಪ. "ಕಲ್ಲು!"

ದಾಟಿದ್ದೆ. ಏರಿಯ ಮೇಲೆ ಓಡುತ್ತಿದ್ದೆ. ಐವತ್ತೊಂಬತ್ತು ವರ್ಷದ ಕಾಲು, ಪಂಚೆ ತೊಡರುತ್ತಿತ್ತು. ಎದುರು ಬಂದವರು ಸರಿದು ದಾರಿ ಬಿಟ್ಟರು. ಯಾರನ್ನೂ ಏನೂ ಕೇಳಲಿಲ್ಲ, ಕೇಳಲು ಉಸಿರಿರಲಿಲ್ಲ. ತಿಮ್ಮರಾಯಾ, ದೋಷ ನನಗೆ ಹಾಕು, ಎರಡು ಪಟ್ಟಲ್ಲ, ನೂರು ಪಟ್ಟು ಹಾಕು ಎಂದುಕೊಳ್ಳುತ್ತ ಓಡಿದೆ.

ಹುಣಸೆಮರದ ಬುಡದಲ್ಲಿ ಯಾರೂ ಇರಲಿಲ್ಲ. ಜೀಪು ತಿರುಗಿ ಹೋಗಿತ್ತು. ಅಲ್ಲಿಂದ ನೂರು ಮಾರು ಮುಂದೆ, ರಸ್ತೆಯ ಪಕ್ಕದಲ್ಲಿ, ಕೆರೆಯ ಕೋಡಿ. ಅಲ್ಲಿ ಕಲ್ಲಿನ ಮೇಲೆ ಒಬ್ಬ ಹೆಂಗಸು ಕುಳಿತಿದ್ದಳು. ನೀರಿನೊಳಗೆ ಕಾಲು ಬಿಟ್ಟುಕೊಂಡು.

ಕೂಗಲು ಬಾಯಿ ತೆರೆದವನು ತಡೆದುಕೊಂಡೆ. ಕೂಗಿದರೆ ಬೆಚ್ಚಿ ಬಿದ್ದಾಳೇನೋ ಎಂಬ ಭಯ. ಹೆಜ್ಜೆ ಹೆಜ್ಜೆಯಾಗಿ ಹತ್ತಿರ ಹೋದೆ. ಅವಳು ತಿರುಗಿ ನೋಡಿದಳು.

"ಅಯ್ಯೋ, ಇದೇನು? ಗಡಿ ದಾಟ್ಬುಟ್ರಾ?"

ನಾನು ಅಲ್ಲಿಯೇ ನೆಲದ ಮೇಲೆ ಕುಳಿತುಬಿಟ್ಟೆ. ಅವಳು ನೀರಿನಿಂದ ಕಾಲು ತೆಗೆದು ಎದ್ದು ಬಂದಳು. ಪಾದಗಳೆರಡೂ ಕೆಂಪಗೆ ಊದಿದ್ದವು.

"ನಾಲ್ಕು ಗಂಟೆ ಜೀಪು ತಪ್ಪೋಯ್ತು. ಕಡೇದು ಬತ್ತದೋ ಇಲ್ವೋ ಅಂತ ತಳಿಯಿಂದ ನಡ್ಕಂಡೇ ಬಂದೆ. ಕಾಲು ಉರಿತಿತ್ತು, ಅದ್ಕೇ ಒಂದೀಟು ಕುಂತೆ. ನೀವ್ಯಾಕೆ ಹಿಂಗೆ? ಉಂಡ್ರಾ?"

ನಾನು ಇಲ್ಲವೆಂದು ತಲೆಯಾಡಿಸಿದೆ.

"ಉಂಡಿಲ್ಲ. ನಂಗೊತ್ತು." ಸೆರಗಿನ ಗಂಟು ಬಿಚ್ಚಿ ಕಡಲೆಪುರಿ ತೆಗೆದು ನನ್ನ ಅಂಗೈಗೆ ಹಾಕಿದಳು. "ತಿನ್ನಿ. ಆಮ್ಯಾಕೆ ಮಾತಾಡಿ."

ಪುರಿ ಬಾಯಿಗೆ ಹಾಕಿಕೊಂಡೆ. ನುಂಗಲು ಹೊತ್ತು ಹಿಡಿಯಿತು. ಅವಳು ನನ್ನ ಎದುರಿಗೆ ಕುಕ್ಕುರುಗಾಲಿನಲ್ಲಿ ಕುಳಿತು, ಒಂದೊಂದು ಹಿಡಿಯೂ ಒಳಗೆ ಹೋಗುವವರೆಗೆ ನೋಡಿದಳು.

"ಪಾಪಯ್ಯ ನಿನ್ನನ್ನು ಕಾಣಲಿಲ್ಲ ಎಂದ" ಎಂದೆ ಕಡೆಗೆ.

"ಸೊಪ್ಪಿನ ಸಾಲಲ್ಲಿ ಜಾಗ ಕೊಡ್ಲಿಲ್ಲ ಆ ಮೂಳಿಗ್ಳು. ಯಾವೂರವಳು ನೀನು, ಇವತ್ತು ಬಂದು ನಮ್ಮ ಮುಂದೆ ಕುಂತ್ಕತೀಯಾ ಅಂದ್ರು. ಗೋಡೆ ಮಗ್ಗುಲಲ್ಲಿ ಹುಣಸೆಹಣ್ಣು ಮಾರೋಳೊಬ್ಳು ಇದ್ಲು, ಬಾರಮ್ಮ ಇಲ್ಲಿ ಅಂತ ಕರೆದ್ಲು. ಬೈರಮ್ಮ ಅಂತ. ಅಂಚೆಟ್ಟಿ ಕಡೆಯೋಳು."

ಅಂಚೆಟ್ಟಿ ಎಂದ ಮೇಲೆ ಅವಳು ಸೆರಗಿನ ಗಂಟನ್ನು ಮತ್ತೆ ಕಟ್ಟಿದಳು.

"ನಿಂಗೆ ಎಷ್ಟು ಮಕ್ಳು ಅಂತ ಕೇಳಿದ್ಲು" ಎಂದಳು. "ಒಬ್ಳು, ಹೆಣ್ಣು, ಆದಿಲಕ್ಷ್ಮಿ ಅಂತ ಅಂದೆ. ಎಲ್ಲವ್ಳೆ ಅಂದ್ಲು. ನಿಮ್ಮ ಕಡೇನೇ ಅವ್ಳೆ, ಮಣ್ಣಲ್ಲಿ, ಅಂದೆ. ಆ ಯಮ್ಮ ಹುಣಸೆಹಣ್ಣು ಬಿಟ್ಟು ನನ್ನ ಹಿಡ್ಕಂಡು ಅತ್ಬುಟ್ಲು. ನಾನೂ ಅತ್ತೆ. ಸಂತೆ ಜನ ಎಲ್ಲಾ ನೋಡ್ತಿದ್ರು. ಅದ್ರಾಗೇ ಜೀಪು ಹೋಗ್ಬುಡ್ತು."

ಆಗ ಅವಳ ಕಣ್ಣುಗಳನ್ನು ಸರಿಯಾಗಿ ನೋಡಿದೆ. ಊದಿಕೊಂಡು ಕೆಂಪಾಗಿದ್ದವು. ಮಗಳ ಹೆಸರು ಅವಳ ಬಾಯಲ್ಲಿ ಕೇಳಿ ಒಂದು ವರ್ಷದ ಮೇಲಾಗಿತ್ತು.

"ಅಂಜೂ" ಎಂದೆ. "ಅವತ್ತು ನಾನು..."

"ಈಗ ಬ್ಯಾಡ" ಎಂದಳು. "ಹೇಳ್ಬ್ಯಾಡಿ ಅಂತಲ್ಲ. ಈಗ ಬ್ಯಾಡ. ಹೊತ್ತೋಯ್ತಾ ಐತೆ, ಆನೆ ಬತ್ತವೆ. ಏಳಿ."

ಅವಳು ಖಾಲಿ ಮಂಕರಿ ಎತ್ತಿಕೊಂಡಳು. ನನ್ನ ಬಲಗೈಯ ಎರಡು ಕಂಕಣ ಅವಳಿಗೂ ಕಂಡವು, ನನಗೂ ಕಂಡವು.

"ದೋಷ ಬರುತ್ತದಲ್ಲೇ" ಎಂದೆ. ನನ್ನ ಭಯ ಇನ್ನೂ ಹೋಗಿರಲಿಲ್ಲ. ಇವತ್ತಿಗೂ ಪೂರ್ತಿಯಾಗಿ ಹೋಗಿದೆಯೆಂದು ಹೇಳಲಾರೆ.

"ಬಂದ್ರೆ ಬರ್ಲಿ. ಇಬ್ರೂ ಇದೀವಲ್ಲ." ಸ್ವಲ್ಪ ದೂರ ನಡೆದ ಮೇಲೆ ಮತ್ತೆ ಹೇಳಿದಳು. "ಬೈರಮ್ಮಂಗೆ ಮೆಂತ್ಯದ ಸೊಪ್ಪು ಬೇಕಂತೆ. ಅವರ ಕಡೆ ಸರಿಯಾಗಿ ಬರಾಕಿಲ್ವಂತೆ. ಮೂರು ವಾರ ಬಿಟ್ಟು ತಂದ್ಕೊಡ್ತೀನಿ ಅಂದಿವ್ನಿ. ನಾಳೆ ಬೆಳಿಗ್ಗೆ ಮಡಿ ಅಗೆದುಕೊಡಿ, ಗಟ್ಟಿಯಾಗೈತೆ ನೆಲ."

ಮೂರು ವಾರ ಎಂದಳು. ನಾಳೆ ಎಂಬ ಮಾತನ್ನೇ ಆಡದಿದ್ದವಳು ಮೂರು ವಾರದ ಆಚೆಗೆ ಮಾತು ಕೊಟ್ಟು ಬಂದಿದ್ದಳು. ನಾನು "ಅಗೆದುಕೊಡ್ತೀನಿ" ಎಂದೆ.

ಏರಿಯ ಮೇಲೆ ಬಂದಾಗ ಸೂರ್ಯ ಕೆರೆಯ ಆಚೆ ಇಳಿಯುತ್ತಿದ್ದ. ದೂರದಲ್ಲಿ ದಾಸಪ್ಪ ಇನ್ನೂ ಗಡಿಕಲ್ಲಿನ ಹತ್ತಿರವೇ ನಿಂತಿದ್ದನು. ನಾನು ಎಂದಿನಂತೆ ನೀರಿನ ಕಡೆಗೆ ಸರಿದು ನಡೆದೆ. ಹತ್ತು ಹೆಜ್ಜೆ ಹೋಗಿರಲಿಲ್ಲ, ಅಂಜಮ್ಮ ನನ್ನ ರಟ್ಟೆ ಹಿಡಿದು ಈಚೆಗೆ ಎಳೆದು, ತಾನು ನೀರಿನ ಮಗ್ಗುಲಿಗೆ ಬಂದಳು.

"ಸಂಜೆ ಹೊತ್ತು ನಿಮ್ಗೆ ಕಣ್ಣು ಸರಿಯಾಗಿ ಕಾಣಾಕಿಲ್ಲ" ಎಂದಳು. "ಇತ್ಲಾಗೆ ಬನ್ನಿ."

ನೀರು ಈಗ ಅವಳ ಮಗ್ಗುಲಲ್ಲೇ ಇತ್ತು. ಆದರೂ ನಾನು ಅವಳು ಹೇಳಿದ ಕಡೆಯೇ ನಡೆದೆ.